ಮಗಳು ಬಾಡು ಬಿಟ್ಟಳು, ತಟ್ಟೆಗೆ ಏನು ಹಾಕೋದು? ಹದಿಹರೆಯದ ಸಸ್ಯಾಹಾರಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

"ಇನ್ಮೇಲೆ ನಾನು ಚಿಕನ್ನು, ಮಟನ್ನು ತಿನ್ನಲ್ಲ." ಒಂಬತ್ತನೇ ಕ್ಲಾಸಿನ ಮಗಳೋ ಪಿಯುಸಿ ಮಗನೋ ಒಂದು ಭಾನುವಾರ ಹೀಗೆ ಹೇಳಿ ತಟ್ಟೆ ಸರಿಸುತ್ತಾರೆ. ಮೈಸೂರು, ಮಂಡ್ಯ, ಹಾಸನದ ಕಡೆ ಮನೆಗಳಲ್ಲಿ ಆಮೇಲೆ ನಡೆಯುವುದು ಹೆಚ್ಚುಕಮ್ಮಿ ಒಂದೇ. ಅಜ್ಜಿ "ಪೀಸ್ ತೆಗೆದು ಬರೀ ಸಾರು ಹಾಕ್ತೀನಿ, ಉಣ್ಣು" ಎನ್ನುತ್ತಾರೆ. ಅಪ್ಪ "ನಾಲ್ಕು ದಿನ ನೋಡು, ತಾನಾಗೇ ಸರಿಹೋಗ್ತಾಳೆ" ಎನ್ನುತ್ತಾರೆ. ಎರಡೆರಡು ಅಡುಗೆ ಮಾಡಬೇಕಲ್ಲ ಎಂದು ಅಮ್ಮನಿಗೆ ಸಿಟ್ಟು. ಬಿಟ್ಟದ್ದರ ಜಾಗಕ್ಕೆ ಏನು ಬರಬೇಕು ಅಂತ ಮಾತ್ರ ಯಾರೂ ಕೇಳುವುದಿಲ್ಲ.

ತೊಂದರೆ ಶುರುವಾಗುವುದೇ ಅಲ್ಲಿ. ಬಾಡು ಬಿಟ್ಟ ಮಕ್ಕಳು ಕಾಳು, ಸೊಪ್ಪು ಜಾಸ್ತಿ ತಿನ್ನಲು ಶುರು ಮಾಡುತ್ತಾರೆ ಅಂದುಕೊಳ್ಳಬೇಡಿ. ಹೆಚ್ಚಿನವರು ಅನ್ನ, ತಿಳಿಸಾರು, ಹಪ್ಪಳ, ಬಿಸ್ಕತ್ತು, ಗೋಬಿ ಮಂಚೂರಿಯಲ್ಲಿ ದಿನ ಕಳೆಯುತ್ತಾರೆ. ಹುಟ್ಟಿನಿಂದ ಸಸ್ಯಾಹಾರಿಗಳಾದ ಮನೆಗಳಲ್ಲೂ ಕತೆ ಬೇರೆಯಿಲ್ಲ. ತಲೆಮಾರುಗಳಿಂದ ಸೊಪ್ಪುಸದೆ ತಿಂದವರ ಮನೆ ಮಕ್ಕಳಿಗೂ ರಕ್ತ ಕಡಿಮೆ ಇರುತ್ತದೆ. ಹಾಗಾಗಿ ಈ ಬರಹ ಇಬ್ಬರಿಗೂ.

ಸರಿಯಾಗಿ ಜೋಡಿಸಿಕೊಂಡರೆ ಬೆಳೆಯುವ ವಯಸ್ಸಿಗೆ ಬೇಕಾದ್ದೆಲ್ಲ ಸಸ್ಯಾಹಾರದಲ್ಲೇ ಸಿಗುತ್ತದೆ. ವಿಟಮಿನ್ ಬಿ12 ಒಂದರ ಮೇಲೆ ಮಾತ್ರ ಕಣ್ಣಿಡಬೇಕು. ಅದರ ವಿಷಯ ಮುಂದೆ ಬರುತ್ತದೆ.

ಹಂತ 1: ಏನು ಬಿಟ್ಟಿದ್ದಾಳೆ, ಯಾಕೆ ಬಿಟ್ಟಿದ್ದಾಳೆ ಅಂತ ಕೇಳಿ

ವಾದ ಬೇಡ, ಸುಮ್ನೆ ಪಟ್ಟಿ ಮಾಡಿಕೊಳ್ಳಿ. ಮೊಟ್ಟೆ ತಿನ್ನುತ್ತಾಳಾ? ಮೀನು? ಹಾಲು, ಮೊಸರು, ತುಪ್ಪ? ಮೊಟ್ಟೆ ಹಾಕಿದ ಕೇಕ್? ಮೊಟ್ಟೆ ಮತ್ತು ಹಾಲು ಎರಡೂ ಉಳಿದಿದ್ದರೆ ನಿಮ್ಮ ಕೆಲಸ ಅರ್ಧ ಸುಲಭ. ಹಾಲು ಮಾತ್ರ ಉಳಿದಿದ್ದರೆ ಸ್ವಲ್ಪ ಲೆಕ್ಕ ಬೇಕು. ಹಾಲೂ ಬೇಡ ಎಂದರೆ, ಅಂದರೆ ವೀಗನ್ ಆದರೆ, ಬಿ12 ಮಾತ್ರೆಯ ಬಗ್ಗೆ ಮೊದಲ ವಾರವೇ ಡಾಕ್ಟರ್ ಹತ್ತಿರ ಮಾತಾಡಿ.

ಕಾರಣವನ್ನೂ ಕೇಳಿ. ಪ್ರಾಣಿಗಳ ಮೇಲಿನ ಪ್ರೀತಿ, ಮಾಂಸದ ಅಂಗಡಿ ನೋಡಿ ಬಂದ ಬೇಸರ, ಗೆಳತಿಯ ಪ್ರಭಾವ, ದೇವರು, ಪರಿಸರ, ಏನೇ ಇದ್ದರೂ ಪರವಾಗಿಲ್ಲ. ಆದರೆ ಒಂದು ಕಾರಣಕ್ಕೆ ಮಾತ್ರ ಎಚ್ಚರ ಬೇಕು. ಮಾಂಸದ ಜೊತೆಗೇ ತುಪ್ಪ, ಅನ್ನ, ಸಿಹಿ ಎಲ್ಲ ಒಂದೊಂದಾಗಿ ಬಿಡುತ್ತಿದ್ದರೆ, ದಿನಾ ತೂಕ ನೋಡಿಕೊಳ್ಳುತ್ತಿದ್ದರೆ, "ಆಗ್ಲೇ ತಿಂದೆ" ಎಂದು ಊಟ ತಪ್ಪಿಸುತ್ತಿದ್ದರೆ, ಮುಟ್ಟು ಏರುಪೇರಾಗಿದ್ದರೆ, ಸಸ್ಯಾಹಾರ ಅನ್ನುವುದು ತೆಳ್ಳಗಾಗುವ ಹಟಕ್ಕೆ ಹೊದಿಸಿದ ಮುಸುಕಾಗಿರಬಹುದು. ಹುಡುಗರಲ್ಲೂ ಹೀಗಾಗುವುದುಂಟು. ಆಗ ಈ ಬರಹವನ್ನು ಪಕ್ಕಕ್ಕಿಟ್ಟು ಮಕ್ಕಳ ಡಾಕ್ಟರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಹದಿಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ, ಅಲ್ಲೂ ಕೇಳಬಹುದು.

ಹಂತ 2: ಪ್ರೋಟೀನಿನ ಲೆಕ್ಕ ಒಮ್ಮೆ ಹಾಕಿ ನೋಡಿ

ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪ್ರಮಾಣ ಹೀಗಿದೆ: 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 43 ಗ್ರಾಂ ಪ್ರೋಟೀನ್, ಹುಡುಗನಿಗೆ 45 ಗ್ರಾಂ. 16ರಿಂದ 18ಕ್ಕೆ ಬಂದಾಗ ಹುಡುಗಿಗೆ 46, ಹುಡುಗನಿಗೆ 55.

ಈಗ ಅನ್ನ-ಸಾರಿನ ದಿನವೊಂದನ್ನು ತೆಗೆದುಕೊಳ್ಳಿ. ಬೆಳಗ್ಗೆ ಚಿತ್ರಾನ್ನ, ಮಧ್ಯಾಹ್ನ ಡಬ್ಬಿಗೆ ಪುಳಿಯೋಗರೆ, ರಾತ್ರಿ ಅನ್ನ ಸಾರು. ಮೂರು ಹೊತ್ತಿಗೆ ಸೇರಿ 300 ಗ್ರಾಂ ಅಕ್ಕಿ ಅಂದರೂ ಅದರಿಂದ ಬರುವುದು 24 ಗ್ರಾಂ. ತಿಳಿಸಾರಿನಲ್ಲಿ ಅವಳ ಪಾಲಿಗೆ ಬರುವ ಬೇಳೆ 20 ಗ್ರಾಂ ಇದ್ದರೆ ಹೆಚ್ಚು, ಅದರಿಂದ 4 ಗ್ರಾಂ. ಒಟ್ಟು 28. ಹೊಟ್ಟೆ ತುಂಬಿರುತ್ತದೆ, ಲೆಕ್ಕ ಮಾತ್ರ ತುಂಬಿರುವುದಿಲ್ಲ.

ಅದೇ ಮನೆ, ಅದೇ ಅಂಗಡಿ ಸಾಮಾನು, ಸ್ವಲ್ಪ ಬದಲಾಯಿಸಿ. ಬೆಳಗ್ಗೆ 50 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ (12 ಗ್ರಾಂ ಪ್ರೋಟೀನ್), ಜೊತೆಗೆ ಕಡ್ಲೆಕಾಯಿ ಬೀಜದ ಚಟ್ನಿ (3ರಿಂದ 4). ಡಬ್ಬಿಗೆ ಮೂರು ಚಪಾತಿ (8) ಮತ್ತು ಕಾಳಿನ ಪಲ್ಯ (6). ಸಂಜೆ ಒಂದು ಹಿಡಿ ಹುರಿಗಡಲೆ (6). ರಾತ್ರಿ ಮುದ್ದೆ (5), ಸೊಪ್ಪು-ಕಾಳಿನ ಬಸ್ಸಾರು ಪಲ್ಯ ಸಮೇತ (6), ಒಂದು ಬಟ್ಟಲು ಮೊಸರು (5). ಮಲಗುವ ಮುಂಚೆ ಒಂದು ಲೋಟ ಹಾಲು (6). 55 ದಾಟಿತು. ಪ್ರೋಟೀನ್ ಪುಡಿಯ ಡಬ್ಬ ಯಾಕೆ ಬೇಕು, ನೀವೇ ಹೇಳಿ.

"ಪಲ್ಯ ಸಮೇತ" ಅಂದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಸ್ಸಾರಿಗೆ ಕಾಳು, ಸೊಪ್ಪು ಬೇಯಿಸಿ ಬಸಿಯುತ್ತೇವೆ. ಕಟ್ಟು ಸಾರಿಗೆ ಹೋಗುತ್ತದೆ, ಕಾಳು-ಸೊಪ್ಪು ಪಲ್ಯಕ್ಕೆ. ಈಗಿನ ಮಕ್ಕಳು ಮುದ್ದೆಯನ್ನು ಸಾರಿನಲ್ಲಿ ಅದ್ದಿ ನುಂಗಿ ಎದ್ದುಹೋಗುತ್ತಾರೆ, ಪಲ್ಯ ಬಾಣಲೆಯಲ್ಲೇ ಉಳಿದಿರುತ್ತದೆ. ಪ್ರೋಟೀನ್ ಇರುವುದು ಆ ಪಲ್ಯದಲ್ಲಿ. ಹುರುಳಿಕಟ್ಟಿನ ಸಾರಿಗೂ ಇದೇ ಮಾತು. ಹಿಂದೆ ಎಷ್ಟೋ ಮನೆಗಳಲ್ಲಿ ಕಟ್ಟು ಮನುಷ್ಯರಿಗೆ, ಬೆಂದ ಹುರುಳಿ ಎತ್ತುಗಳಿಗೆ. ಎತ್ತುಗಳು ಗಟ್ಟಿಮುಟ್ಟಾಗಿದ್ದವು! ಅರ್ಧ ಕಾಳನ್ನು ರುಬ್ಬಿ ಸಾರಿಗೇ ಸೇರಿಸಿಬಿಡಿ. ಸಾರು ಮಂದವಾಗುತ್ತದೆ, ತಪ್ಪಿಸಿಕೊಳ್ಳಲು ದಾರಿ ಇರುವುದಿಲ್ಲ.

ಅನ್ನ, ರಾಗಿ, ಜೋಳ, ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳು-ಬೇಳೆಯಲ್ಲಿ ಅದು ಧಾರಾಳ. ಎರಡೂ ದಿನದಲ್ಲಿ ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆ-ಹುರುಳಿ, ರೊಟ್ಟಿ-ಮಡಕಿಕಾಳು, ಇಡ್ಲಿಯ ಅಕ್ಕಿ-ಉದ್ದು, ಇವೆಲ್ಲ ನಮ್ಮ ಅಡುಗೆಮನೆಯಲ್ಲಿ ಮೊದಲಿಂದ ಇರುವ ಜೋಡಿಗಳೇ.

ಹಂತ 3: ಕಾಳನ್ನು ವಾರದ ರೂಢಿ ಮಾಡಿ

ಕಾಳು ತಿನ್ನದಿರಲು ನಿಜವಾದ ಕಾರಣ ರುಚಿ ಅಲ್ಲ. ನೆನೆಹಾಕುವುದು ಮರೆತುಹೋಗುತ್ತದೆ, ಅಷ್ಟೇ. ಹಾಗಾಗಿ ವಾರಕ್ಕೆ ಎರಡು ರಾತ್ರಿ ಗೊತ್ತು ಮಾಡಿಕೊಳ್ಳಿ. ನಮ್ಮ ಮನೆಯಲ್ಲಿ ಭಾನುವಾರ ಮತ್ತು ಬುಧವಾರ. ನೆನೆಹಾಕುವ ಕೆಲಸವನ್ನು ಬಾಡು ಬಿಟ್ಟವಳಿಗೇ ವಹಿಸಿ. ತನ್ನ ತಟ್ಟೆಯ ಜವಾಬ್ದಾರಿ ಸ್ವಲ್ಪವಾದರೂ ಅವಳ ಮೇಲಿರಲಿ.

ಹೆಸರುಕಾಳು ಎಂಟು ಗಂಟೆ ನೆಂದರೆ ಸಾಕು, ಹುರುಳಿಗೆ ಹತ್ತು-ಹನ್ನೆರಡು ಬೇಕು. ನೀರನ್ನು ಪೂರ್ತಿ ಬಸಿಯಿರಿ. ಅರೆಬರೆ ನೀರು ಉಳಿದರೆ ಕಾಳು ಲೋಳೆಯಾಗಿ ವಾಸನೆ ಹೊಡೆಯುತ್ತದೆ, ಮಕ್ಕಳು ಆಮೇಲೆ ಜನ್ಮದಲ್ಲಿ ಮುಟ್ಟುವುದಿಲ್ಲ. ತೆಳು ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಅದರಲ್ಲಿ ಕಾಳನ್ನು ಗಂಟು ಕಟ್ಟಿ. ತೂತಿನ ಪಾತ್ರೆಯಲ್ಲಿಟ್ಟು ಮೇಲೆ ತಟ್ಟೆ ಮುಚ್ಚಿ. ಬೇಸಿಗೆಯಲ್ಲಿ ಹೆಸರು ಅರ್ಧ ದಿನಕ್ಕೇ ಮೊಳೆಯುತ್ತದೆ. ಹುರುಳಿಗೆ ಒಂದು ದಿನದ ಮೇಲೆ ಹಿಡಿಯುತ್ತದೆ, ಚಳಿಯಲ್ಲಿ ಇನ್ನೂ ಜಾಸ್ತಿ. ನಡುವೆ ಒಮ್ಮೆ ನೀರು ಚಿಮುಕಿಸಿ. ಮೊಳಕೆ ಕಾಳಿನಷ್ಟೇ ಉದ್ದ ಬಂದಾಗ ಫ್ರಿಜ್ಜಿಗೆ ಹಾಕಿ. ತಿನ್ನುವ ಮುಂಚೆ ಹಬೆಯಲ್ಲಿ ಐದು ನಿಮಿಷವಾದರೂ ಬೇಯಿಸಿ, ಹಸಿ ಮೊಳಕೆಯಲ್ಲಿ ಕೆಟ್ಟ ಬ್ಯಾಕ್ಟೀರಿಯಾ ಬೆಳೆಯುವ ಸಾಧ್ಯತೆ ಇದೆ.

ಮೊಳಕೆ ಬಂದರೆ ಪ್ರೋಟೀನ್ ದುಪ್ಪಟ್ಟಾಗುತ್ತದೆ ಎನ್ನುವುದು ಬರೀ ಮಾತು. ಆದರೆ ಫೈಟೇಟ್ ಎಂಬ ಅಂಶ ಕಡಿಮೆಯಾಗುತ್ತದೆ. ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಂಡು ಮೈಗೆ ಹತ್ತದಂತೆ ಮಾಡುವುದು ಅದೇ. ಇಡ್ಲಿ-ದೋಸೆ ಹಿಟ್ಟು ಹುಳಿಬಂದಾಗಲೂ ಇದೇ ಲಾಭ.

ಹೊಟ್ಟೆ ಉಬ್ಬರ ಅಂತ ದೂರು ಬರುತ್ತದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸಿ. ಮೊದಲು ಸ್ವಲ್ಪ ಕೊಟ್ಟು, ನಿಧಾನಕ್ಕೆ ಹೆಚ್ಚಿಸುತ್ತಾ ಹೋಗಿ. ಇಂಗು, ಶುಂಠಿ, ಜೀರಿಗೆ ಹೇಗೂ ನಿಮ್ಮ ಒಗ್ಗರಣೆ ಡಬ್ಬಿಯಲ್ಲಿವೆ.

ಹಂತ 4: ಕಬ್ಬಿಣ, ಅದರಲ್ಲೂ ಹುಡುಗಿಯರಿಗೆ

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಶೇ. 59.1 ಮಂದಿಗೆ ರಕ್ತಹೀನತೆ ಇದೆ. ಹುಡುಗರಲ್ಲಿ ಶೇ. 31.1. ಇವರಲ್ಲಿ ಬಾಡು ತಿನ್ನುವವರೂ ಇದ್ದಾರೆ, ಹಾಗಾಗಿ ಎಲ್ಲವನ್ನೂ ಸಸ್ಯಾಹಾರದ ತಲೆಗೆ ಕಟ್ಟಬೇಡಿ. ಆದರೆ ಮಾಂಸದ ಕಬ್ಬಿಣ ಮೈಗೆ ಸುಲಭವಾಗಿ ಹತ್ತುತ್ತದೆ, ಸೊಪ್ಪು-ಕಾಳಿನದು ಅಷ್ಟು ಹತ್ತುವುದಿಲ್ಲ. ಮುಟ್ಟು ಶುರುವಾದ ಹುಡುಗಿ ಬಾಡು ಬಿಟ್ಟರೆ ಅವಳ ತಟ್ಟೆಯಲ್ಲಿ ಈ ಒಂದು ವಿಷಯಕ್ಕೆ ವಿಶೇಷ ಗಮನ ಬೇಕು. 13-15ರ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣ ಬೇಕು, 16-18ಕ್ಕೆ 32.

ಏನು ಕೊಡಬೇಕು ಅನ್ನುವುದು ನಿಮಗೆ ಗೊತ್ತಿರುವುದೇ: ದಂಟಿನ ಸೊಪ್ಪು, ನುಗ್ಗೆಸೊಪ್ಪು, ಹುರುಳಿ, ಕಡಲೆಕಾಳು, ಎಳ್ಳು, ಉತ್ತರ ಕರ್ನಾಟಕದವರಾದರೆ ಪುಂಡಿಪಲ್ಯ, ಗುರೆಳ್ಳು ಚಟ್ನಿಪುಡಿ. ಯಾವುದರ ಜೊತೆ ಕೊಡುತ್ತೀರಿ ಅನ್ನುವುದು ಅದಕ್ಕಿಂತ ಮುಖ್ಯ. ಹುಳಿ ಹಣ್ಣಿನ ವಿಟಮಿನ್ ಸಿ ಕಬ್ಬಿಣವನ್ನು ಮೈಗೆ ಹತ್ತಿಸುತ್ತದೆ. ಬೇಯಿಸಿದರೆ ಅದು ನಾಶವಾಗುತ್ತದೆ, ಆದ್ದರಿಂದ ನಿಂಬೆಹಣ್ಣನ್ನು ಒಲೆ ಆರಿಸಿದ ಮೇಲೆ ಹಿಂಡಿ. ಊಟದ ಕೊನೆಗೆ ಒಂದು ಸೀಬೆಹಣ್ಣಿನ ಹೋಳು ಕೊಟ್ಟರೆ ಇನ್ನೂ ಒಳ್ಳೆಯದು, ನೆಲ್ಲಿಕಾಯಿ ಕಾಲದಲ್ಲಿ ನೆಲ್ಲಿಕಾಯಿ ಚಟ್ನಿ.

ಕೆಡಿಸುವುದು ಯಾವುದು? ತಿಂಡಿಯ ಜೊತೆಗಿನ ಕಾಫಿ-ಟೀ. ಊಟಕ್ಕೆ ಒಂದು ಗಂಟೆ ಮುಂಚೆ, ಒಂದು ಗಂಟೆ ಆಮೇಲೆ ಟೀ-ಕಾಫಿ ಬೇಡ ಎಂದು ಐಸಿಎಂಆರ್ 2024ರ ಮಾರ್ಗಸೂಚಿಯಲ್ಲೂ ಹೇಳಿದೆ. ಹದಿನೈದರ ಮಕ್ಕಳಿಗೆ ಕಾಫಿ ಯಾಕೆ ಅಂತಲೂ ಕೇಳಬಹುದು. ಮೈಸೂರು ಕಡೆಯವಳಾದ ನಾನು ಆ ಜಗಳಕ್ಕೆ ಹೋಗುವುದಿಲ್ಲ, ಹೊತ್ತು ಬದಲಾಯಿಸಿದರೆ ಸಾಕು. ಅಟ್ಟದ ಮೇಲಿರುವ ಕಬ್ಬಿಣದ ಬಾಣಲೆಯನ್ನೂ ಇಳಿಸಿ. ಟೊಮೆಟೊ, ಹುಣಸೆ ಬಿದ್ದ ಗೊಜ್ಜು ಅದರಲ್ಲಿ ಕುದಿದರೆ ಸ್ವಲ್ಪ ಕಬ್ಬಿಣ ಅಡುಗೆಗೂ ಇಳಿಯುತ್ತದೆ. ಬೆಂದ ಕೂಡಲೇ ಬೇರೆ ಪಾತ್ರೆಗೆ ತೆಗೆದಿಡಿ, ಇಲ್ಲವಾದರೆ ಕಪ್ಪಾಗುತ್ತದೆ.

ಸರ್ಕಾರಿ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆ ಇದೇ ಕಬ್ಬಿಣದ್ದು: 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಖಾಲಿ ಹೊಟ್ಟೆಗೆ ನುಂಗಿದರೆ ವಾಕರಿಕೆ ಬರುತ್ತದೆ, ಆಮೇಲೆ ಮಕ್ಕಳು ಅದನ್ನು ಕಿಟಕಿಯಾಚೆ ಎಸೆಯುತ್ತಾರೆ. ಊಟದ ಮೇಲೆ ನುಂಗಲು ಹೇಳಿ. ಮಲ ಕಪ್ಪಾದರೆ ಹೆದರಬೇಕಿಲ್ಲ.

ಹಂತ 5: ಬಿ12 ಮಾತ್ರ ಊಹೆಗೆ ಬಿಡಬೇಡಿ

ದಿನಕ್ಕೆ ಬೇಕಾದ್ದು 2ರಿಂದ 2.5 ಮೈಕ್ರೋಗ್ರಾಂ. ಕಣ್ಣಿಗೂ ಕಾಣದಷ್ಟು. ಆದರೆ ಸೊಪ್ಪು, ತರಕಾರಿ, ಕಾಳು, ಹಣ್ಣು ಯಾವುದರಲ್ಲೂ ಇದಿಲ್ಲ. ಇಡ್ಲಿ ಹಿಟ್ಟು ಹುಳಿಬಂದರೆ ಬಿ12 ಬರುತ್ತದೆ, ಸ್ಪಿರುಲಿನಾ ಎಂಬ ಪಾಚಿಯಲ್ಲಿದೆ ಎಂದು ವಾಟ್ಸಾಪಿನಲ್ಲಿ ಓಡಾಡುತ್ತದೆ. ಇಡ್ಲಿಯನ್ನು ಇದಕ್ಕಾಗಿ ನಂಬುವಂತಿಲ್ಲ, ಸ್ಪಿರುಲಿನಾದಲ್ಲಿರುವುದು ಹೆಚ್ಚಿನಂಶ ನಮ್ಮ ಮೈ ಬಳಸಲಾಗದ ರೂಪ.

ಉಳಿದದ್ದು ಹಾಲು, ಮೊಸರು, ಪನೀರು, ಮೊಟ್ಟೆ. ದಿನಕ್ಕೆ ಅರ್ಧ ಲೀಟರಿನಷ್ಟು ಹಾಲು-ಮೊಸರು ನಿಜವಾಗಿಯೂ ಹೊಟ್ಟೆಗೆ ಹೋದರೆ ಅಗತ್ಯದ ಹತ್ತಿರಕ್ಕೆ ಬರುತ್ತೀರಿ. ನೀರುಮಜ್ಜಿಗೆ, ಟೀಗೆ ಹಾಕಿದ ಹಾಲು ಲೆಕ್ಕಕ್ಕಿಲ್ಲ. +ಎಫ್ ಗುರುತಿನ ಸಾರವರ್ಧಿತ ಅಕ್ಕಿಗೆ ಕಬ್ಬಿಣ, ಫೋಲಿಕ್ ಆಮ್ಲದ ಜೊತೆ ಬಿ12 ಕೂಡ ಸೇರಿಸಿರುತ್ತಾರೆ. ನ್ಯಾಯಬೆಲೆ ಅಂಗಡಿಯ ಅಕ್ಕಿಯಲ್ಲಿ ಸ್ವಲ್ಪ ಬೇರೆ ಬಣ್ಣದ ಕಾಳುಗಳು ಕಂಡರೆ "ಪ್ಲಾಸ್ಟಿಕ್ ಅಕ್ಕಿ" ಎಂದು ಆರಿಸಿ ಬಿಸಾಡಬೇಡಿ, ಪೋಷಕಾಂಶ ಇರುವುದೇ ಅವುಗಳಲ್ಲಿ.

ಬಿ12 ಪಿತ್ತಜನಕಾಂಗದಲ್ಲಿ ಸಂಗ್ರಹವಾಗಿರುತ್ತದೆ. ಬಾಡು ಬಿಟ್ಟ ತಕ್ಷಣ ಏನೂ ಗೊತ್ತಾಗುವುದಿಲ್ಲ, ಕೊರತೆ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯಬಹುದು. ಸುಸ್ತು, ಬಾಯಿಹುಣ್ಣು, ಕೆಂಪಗೆ ನುಣುಪಾದ ನಾಲಿಗೆ, ಕೈಕಾಲು ಜುಮ್ಮೆನ್ನುವುದು, ಓದಿದ್ದು ನೆನಪಿರದಿರುವುದು ಅದರ ಗುರುತುಗಳು. "ಪರೀಕ್ಷೆ ಟೆನ್ಷನ್" ಎಂದು ಇವನ್ನು ತಳ್ಳಿಹಾಕುವುದೇ ಹೆಚ್ಚು. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಮತ್ತು ಬಿ12 ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಹುಡುಗಿಯರಿಗೆ 12, ಹದಿನೈದು ದಾಟಿದ ಹುಡುಗರಿಗೆ 13ರ ಕೆಳಗೆ ಇರಬಾರದು. ಬರೀ ಫೋಲಿಕ್ ಆಮ್ಲದ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ರಕ್ತ ಸರಿಯಿರುವಂತೆ ಕಾಣಬಹುದು, ಒಳಗೆ ಬಿ12 ಕೊರತೆಯಿಂದ ನರಗಳಿಗಾಗುವ ಹಾನಿ ಮುಂದುವರಿಯುತ್ತಲೇ ಇರುತ್ತದೆ. ಹಾಗಾಗಿ ಎರಡನ್ನೂ ನೋಡಬೇಕು. ಮಾತ್ರೆಯ ಪ್ರಮಾಣ ಡಾಕ್ಟರ್ ಹೇಳಲಿ, ಮೆಡಿಕಲ್ ಶಾಪಿನ ಹುಡುಗ ಬೇಡ.

ಹಂತ 6: ಎಲುಬು, ಮತ್ತು ಉಳಿದ ಸಣ್ಣಪುಟ್ಟದ್ದು

ಎಲುಬು ಗಟ್ಟಿಯಾಗುವ ಕಾಲ ಇದೇ. ದಿನಕ್ಕೆ ಸುಮಾರು ಸಾವಿರ ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ನಮ್ಮ ಅದೃಷ್ಟಕ್ಕೆ ರಾಗಿ ಇದೆ: 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ. ಒಂದು ಲೋಟ ಹಾಲಿನಲ್ಲಿ 240ರ ಸುತ್ತ. ಸಿಪ್ಪೆ ಸಮೇತದ ಎಳ್ಳು ಒಂದು ದೊಡ್ಡ ಚಮಚಕ್ಕೆ ನೂರರ ಹತ್ತಿರ. ಪಾಲಕ್ ಸೊಪ್ಪನ್ನು ಕ್ಯಾಲ್ಸಿಯಂಗಾಗಿ ನಂಬಬೇಡಿ, ಅದರಲ್ಲಿರುವ ಆಕ್ಸಲೇಟ್ ಎಂಬ ಅಂಶ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಂಡು ಬಿಟ್ಟುಕೊಡುವುದಿಲ್ಲ. ನುಗ್ಗೆಸೊಪ್ಪು ವಾಸಿ. ವಿಟಮಿನ್ ಡಿಗೆ ಬಿಸಿಲು ಬೇಕು, ಟ್ಯೂಷನ್ನಿನಿಂದ ಟ್ಯೂಷನ್ನಿಗೆ ಓಡುವ ಮಕ್ಕಳಿಗೆ ಅದೇ ಸಿಗುವುದಿಲ್ಲ. ಅಗಸೆ ಚಟ್ನಿಪುಡಿಯಿಂದ ಒಮೇಗಾ-3 ಎಂಬ ಒಳ್ಳೆಯ ಕೊಬ್ಬು ಬರುತ್ತದೆ. ಉಪ್ಪು ಅಯೋಡಿನ್ ಇರುವುದೇ ಇರಲಿ, ದುಬಾರಿ ಗುಲಾಬಿ ಉಪ್ಪನ್ನು ಈ ವಿಷಯದಲ್ಲಿ ನೆಚ್ಚಬೇಡಿ.

ಹಂತ 7: ಒಂದೇ ಒಲೆ, ಎರಡು ಪಾತ್ರೆ

ಎರಡು ಅಡುಗೆ ಮಾಡುವ ಅಗತ್ಯ ಇಲ್ಲ. ಭಾನುವಾರದ ಮಸಾಲೆಯನ್ನು ಒಂದೇ ಸಲ ಹುರಿದು ರುಬ್ಬಿ. ಒಗ್ಗರಣೆಗೆ ಮುಂಚೆಯೇ ಅರ್ಧ ತೆಗೆದಿಡಿ. ಒಂದು ಪಾತ್ರೆಗೆ ಬಾಡು, ಇನ್ನೊಂದಕ್ಕೆ ಅವರೆಕಾಳು, ಎಳೆ ಹಲಸಿನಕಾಯಿ, ಅಣಬೆ ಅಥವಾ ಮೀಲ್ ಮೇಕರ್. ಮೀಲ್ ಮೇಕರ್ ಒಣಗಿದ್ದು 20 ಗ್ರಾಂ ಹಾಕಿದರೆ 10 ಗ್ರಾಂ ಪ್ರೋಟೀನ್. ಉಪ್ಪು ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಎರಡು ಸಲ ಗಟ್ಟಿಯಾಗಿ ಹಿಂಡಿದರೆ ಹಸಿ ವಾಸನೆ ಹೋಗುತ್ತದೆ. ಹಲಸು, ಅಣಬೆ ರುಚಿಗೆ ಚೆನ್ನ, ಪ್ರೋಟೀನಿಗೆ ಅಲ್ಲ. ಜೊತೆಗೊಂದು ಹಿಡಿ ಕಾಳು ಇರಲೇಬೇಕು.

ಕೈಮದುಂಡೆಯ ದಿನ ನಾನು ಮಾಡುವುದು ನುಚ್ಚಿನುಂಡೆ. ಒಂದು ಲೋಟ ತೊಗರಿಬೇಳೆ, ಕಡಲೆಬೇಳೆ ಬೆರಕೆ (200 ಗ್ರಾಂ) ಎರಡು-ಮೂರು ಗಂಟೆ ನೆನೆಸಿ, ನೀರು ಬಸಿದು, ಹಸಿಮೆಣಸಿನಕಾಯಿ, ಶುಂಠಿ ಹಾಕಿ ತರಿತರಿಯಾಗಿ ರುಬ್ಬಿ. ನೀರು ಸೇರಿಸಬೇಡಿ. ಸಬ್ಬಸಿಗೆ ಸೊಪ್ಪು, ತೆಂಗಿನತುರಿ, ಉಪ್ಪು ಕಲಸಿ ಹನ್ನೆರಡು ಉಂಡೆ ಕಟ್ಟಿ, ಇಡ್ಲಿ ಪಾತ್ರೆಯಲ್ಲಿ ಕಾಲು ಗಂಟೆ ಬೇಯಿಸಿ. ಒಂದೊಂದು ಉಂಡೆಗೂ ಮೂರೂವರೆ ಗ್ರಾಂ ಪ್ರೋಟೀನ್. ತಣ್ಣಗಾದ ಮೇಲೆ, ಬಾಡು ಹಾಕದೆ ಬೇರೆ ತೆಗೆದಿಟ್ಟ ಕೈಮದ ಮಸಾಲೆಯ ಸಾರಿಗೇ ಬಿಡಿ. ಬಿಸಿಯಿರುವಾಗ ಬಿಟ್ಟರೆ ಒಡೆದು ಸಾರೆಲ್ಲ ತರಿಯಾಗುತ್ತದೆ. ಬಾಡು ತಿನ್ನುವವರೂ ಬಂದು ಇದಕ್ಕೆ ಕೈ ಹಾಕುತ್ತಾರೆ, ಲೆಕ್ಕಕ್ಕಿಂತ ನಾಲ್ಕು ಜಾಸ್ತಿ ಮಾಡಿ.

ಸೌಟು ಬೇರೆ ಇಡಿ. "ಪೀಸ್ ತೆಗೆದು ಸಾರು" ಬೇಡ ಎಂದು ಅಜ್ಜಿಗೆ ಒಮ್ಮೆ ಸಮಾಧಾನವಾಗಿ ಹೇಳಿ. ಅಜ್ಜಿ ಶನಿವಾರ ಒಪ್ಪತ್ತು ಮಾಡುವಾಗ ಪಾತ್ರೆ ಬೇರೆ ಇಡುತ್ತಾರಲ್ವಾ, ಹಾಗೇ ಎಂದರೆ ಬೇಗ ಅರ್ಥವಾಗುತ್ತದೆ. ಮಗಳಿಗೂ ಒಂದು ಮಾತು ಹೇಳಿ: ಊಟಕ್ಕೆ ಕೂತವರ ಮುಂದೆ ಮೂಗು ಮುರಿಯಬಾರದು, ಉಪದೇಶ ಬೇಡ.

ಹಂತ 8: ಮನೆಯಿಂದ ಹೊರಗೆ

ಸರ್ಕಾರಿ ಶಾಲೆಯ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯದ ಹಾಲು ಸಿಗುತ್ತಿದೆ, ಅದನ್ನು ಚೆಲ್ಲದೆ ಕುಡಿದರೆ ಅಷ್ಟು ಲಾಭ. ಬಿಸಿಯೂಟದ ಜೊತೆ ಮೊಟ್ಟೆ ಬೇಡ ಎಂದವರಿಗೆ ಬಾಳೆಹಣ್ಣು ಕೊಡುತ್ತಾರೆ. ಹಣ್ಣು ಒಳ್ಳೆಯದೇ, ಆದರೆ ಮೊಟ್ಟೆಯ 6 ಗ್ರಾಂ ಪ್ರೋಟೀನಿನ ಜಾಗಕ್ಕೆ ಬರುವುದು 1 ಗ್ರಾಂ. ಉಳಿದ ಐದನ್ನು ಸಂಜೆ ಕಡ್ಲೆಕಾಯಿ ಬೀಜದಲ್ಲೋ ಹುರಿಗಡಲೆಯಲ್ಲೋ ತುಂಬಿಸಿ.

ಬೇಕರಿ, ಅಂಗಡಿ ತಿನಿಸುಗಳ ಪೊಟ್ಟಣದ ಮೇಲೆ ಹಸಿರು ಚೌಕದೊಳಗಿನ ಹಸಿರು ಚುಕ್ಕೆ ಸಸ್ಯಾಹಾರದ ಗುರುತು. ಕಂದು ಗುರುತಿದ್ದರೆ ಮಾಂಸಾಹಾರ, ಮೊಟ್ಟೆ ಇದ್ದರೂ ಅದೇ. ಜೆಲ್ಲಿ, ಮಾರ್ಷ್‌ಮ್ಯಾಲೊಗಳಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ತೆಗೆದ ಜೆಲಾಟಿನ್ ಇರಬಹುದು, ನೋಡಿ ಕೊಳ್ಳಲಿ. ಹಸಿರು ಚುಕ್ಕೆ ಇದ್ದ ಮಾತ್ರಕ್ಕೆ ಮೈಗೆ ಒಳ್ಳೆಯದು ಅಂತ ಏನಿಲ್ಲ. ಗೋಬಿ ಮಂಚೂರಿಯೂ ಪಕ್ಕಾ ಸಸ್ಯಾಹಾರವೇ, ಅದಕ್ಕೆ ಹಾಕುವ ಕೃತಕ ಬಣ್ಣವನ್ನು ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಬೇಕಾಯಿತು.

ಹಾಸ್ಟೆಲ್ಲಿಗೆ ಹೋಗುವವರಿಗೆ ಡಬ್ಬಿ ಕಟ್ಟಿಕೊಡಿ: ಶೇಂಗಾ ಚಟ್ನಿಪುಡಿ, ಹುರಿಗಡಲೆ, ಎಳ್ಳುಂಡೆ, ರಾಗಿ ಹುರಿಹಿಟ್ಟು. ಹುರಿಹಿಟ್ಟಿಗೆ ಹಾಲು, ಬೆಲ್ಲ ಕಲಸಿಕೊಂಡರೆ ಒಲೆ ಬೇಡ. ಮೆಸ್ಸಿನಲ್ಲಿ ಸಾಂಬಾರಿನ ತಳದಿಂದ ಬಡಿಸಲು ಕೇಳಬೇಕು, ಬೇಳೆ ಇರುವುದು ತಳದಲ್ಲಿ. ಮೊಸರನ್ನು ಬಿಡಬಾರದು.

ವರ್ಷತೊಡಕು, ಮಾರಿಹಬ್ಬ, ಬೀಗರ ಊಟದ ದಿನ ಬೇರೆಯದೇ ಕಷ್ಟ. ಬೀಗರ ಊಟದಲ್ಲಿ ಬಾಡು ತಿನ್ನದವರ ಎಲೆಗೆ ಅನ್ನ, ತಿಳಿಸಾರು, ಮೊಸರು ಬಿಟ್ಟು ಬೇರೇನೂ ಬೀಳದ ಸಂದರ್ಭಗಳಿವೆ. ಹೋಗುವ ಮುಂಚೆ ಮನೆಯಲ್ಲೇ ಹೆಸರುಕಾಳು ದೋಸೆ ತಿನ್ನಿಸಿ ಕರೆದುಕೊಂಡು ಹೋಗಿ. ಊಟಕ್ಕೆ ಕರೆದ ಮನೆಯವರಿಗೆ ಮುಂಚೆಯೇ ಫೋನು ಮಾಡಿ "ನಮ್ಮ ಹುಡುಗಿ ತಿನ್ನಲ್ಲ, ಒಂದು ಕಾಳು ಪಲ್ಯ ಮಾಡಿಸಿ" ಎಂದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಅಲ್ಲಿ ಹೋದ ಮೇಲೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ.